ಒಗ್ಗರಣೆಯಿಲ್ಲದ ಕೋಸಂಬರಿ

ದಿಲ್ಲಿಯ ಆರ್.ಕೆ.ಪುರಂನ ಸರ್ಕಾರಿ ಕ್ವಾರ್ಟರ್ಸಿನ ಎರಡನೇ ಮಹಡಿಯಲ್ಲಿ ಲೀಲಮ್ಮನವರಿಗೆ ಬೆಳಗ್ಗೆಯಿಂದ ಒಂದೇ ಚಿಂತೆ. ಟಿಂಡಾ ಊಟ ಮುಟ್ಟುತ್ತಿಲ್ಲ! ಟಿಂಡಾ ಅಂದರೆ ಮೊಮ್ಮಗಳು ಅದಿತಿ ಸಾಕಿರುವ ಗಿನಿ ಪಿಗ್, ಮೊಲದ ಮರಿಯಂಥ ಪುಟ್ಟ ಪ್ರಾಣಿ. ದಿಲ್ಲಿಯ ತಳ್ಳುಗಾಡಿಗಳಲ್ಲಿ ಸಿಗುವ ಗುಂಡನೆಯ ತರಕಾರಿಯ ಹೆಸರನ್ನೇ ಅದಕ್ಕೂ ಇಟ್ಟಿದ್ದಾಳೆ ಪುಣ್ಯಾತ್ಗಿತ್ತಿ. ಈಗ ಅದು ಕೂದಲು ಕೆದರಿಕೊಂಡು, ಗೂಡಿನ ಮೂಲೆ ಹಿಡಿದು ಕೂತಿತ್ತು. ನಡೆದರೆ ಹಿಂಗಾಲು ಎಳೆಯುತ್ತಿತ್ತು.

ಲೀಲಮ್ಮ ಮೊಸರನ್ನದ ಬಟ್ಟಲು ಹಿಡಿದು ಪುಸಲಾಯಿಸಿದ್ದೇ ಪುಸಲಾಯಿಸಿದ್ದು. ಪ್ರಾಣಿಗೆ ಒಂದು ತುತ್ತು ಇಡದೆ ತಾವು ಉಂಡವರೇ ಅಲ್ಲ ಅವರು. ತುಮಕೂರಿನಲ್ಲಿದ್ದಾಗ ಹಸುವಿಗೆ ಇಡುತ್ತಿದ್ದರು. ಎರಡನೇ ಮಹಡಿಗೆ ಹಸು ಎಲ್ಲಿಂದ ಹತ್ತಿ ಬರಬೇಕು? ಹಾಗಾಗಿ ಮಗನ ಮನೆಗೆ ಬಂದ ಈ ಎರಡು ತಿಂಗಳಿಂದ ಆ ಮರ್ಯಾದೆಯೆಲ್ಲ ಟಿಂಡಾನಿಗೆ.

"ಅಜ್ಜಿ, ಟಿಂಡಾ ಸತ್ತೋಗ್ತಾನಾ? ಸಚ್ ಬತಾಓ, ನಿಜ ಹೇಳಿ," ಅಂದಳು ಅದಿತಿ. ಕಣ್ಣು ತುಂಬಿತ್ತು.

ಲೀಲಮ್ಮ ಸೆರಗಿನಿಂದ ಅವಳ ಕಣ್ಣೊರೆಸಿದರು. ಮಗ ಸೊಸೆ ಆಫೀಸಿಗೆ ಹೋದ ಮೇಲೆ ಮನೆಯಲ್ಲಿ ಉಳಿಯುವುದು ಇವರಿಬ್ಬರೇ. ಅಜ್ಜಿಗೆ ಹಿಂದಿ ಅಷ್ಟಕ್ಕಷ್ಟೆ, ಮೊಮ್ಮಗಳಿಗೆ ಕನ್ನಡ ಅಷ್ಟಕ್ಕಷ್ಟೆ. ಇಬ್ಬರೂ ಮನಸ್ಸು ಬಿಚ್ಚಿ ಮಾತಾಡುವುದಿದ್ದರೆ ಅದು ಟಿಂಡಾನ ವಿಷಯವೇ. ಅದಕ್ಕೇನಾದರೂ ಆದರೆ ಈ ಹುಡುಗಿಯ ಮುಖ ಹೇಗೆ ನೋಡುವುದು?

ಕೆಳಗಿನ ಮನೆಯ ವೈಜಯಂತಿಯನ್ನು ಕೂಗಿದರು. ಹಾಸನದ ಹೆಣ್ಣುಮಗಳು, ಪ್ರಾಣಿಗಳ ಆಸ್ಪತ್ರೆಯಲ್ಲಿ ನರ್ಸ್. ಬಂದವಳೇ ಟಿಂಡಾನ ಕಾಲು ಮುಟ್ಟಿ ನೋಡಿದಳು, ಬಟ್ಟಲನ್ನೂ ನೋಡಿದಳು.

"ಲೀಲಮ್ಮನೋರೇ, ದಿನಾ ಇದನ್ನೇ ಕೊಡ್ತೀರಾ?"

"ಮತ್ತೇನು? ಮೊಸರನ್ನ, ಒಂದೊಂದ್ಸಲ ತುಪ್ಪ ಸವರಿದ ಚಪಾತಿ. ಬರೀ ಒಣಹುಲ್ಲು ತಿನ್ನಿಸೋಕೆ ನಮಗೇನು ಬಡತನಾನಾ?"

"ಒಣಹುಲ್ಲೇ ಅದರ ಊಟ ಅಮ್ಮಾ. ಹಾಲು, ಮೊಸರು, ಬೇಯಿಸಿದ್ದು, ಉಪ್ಪು ಹಾಕಿದ್ದು ಯಾವುದೂ ಅದರ ಹೊಟ್ಟೆಗೆ ಆಗಲ್ಲ."

"ಹೋಗೇ! ಇದೇ ಕೈಯಲ್ಲಿ ಎರಡು ಮಕ್ಕಳನ್ನ ಸಾಕಿದೀನಿ."

"ಸಾಕಿದೀರಿ, ಯಾರು ಇಲ್ಲ ಅಂದ್ರು? ಆದರೆ ಹಸು, ನಾಯಿಗೆಲ್ಲ ಸಿ ಜೀವಸತ್ವ ಮೈಯಲ್ಲೇ ತಯಾರಾಗುತ್ತೆ. ಗಿನಿ ಪಿಗ್‌ಗೆ ನಮ್ಮ ಹಾಗೆ ಊಟದಿಂದಲೇ ಸಿಗಬೇಕು. ಹಸಿ ತರಕಾರಿ ಸಿಗದಿದ್ದರೆ ಕೀಲು ನೋಯುತ್ತೆ, ಕಾಲು ಎಳೆಯುತ್ತೆ. ಚಲೋ, ಈಗಲೇ ಡಾಕ್ಟರ ಹತ್ರ ಹೋಗೋಣ. ಇದು ಊಟ ಬಿಟ್ಟರೆ ಒಂದು ದಿನಾನೂ ಕಾಯಬಾರದು."

ವೈಜಯಂತಿ ಹೇಳಿದ್ದನ್ನೇ ಡಾಕ್ಟರೂ ಹೇಳಿದರು. ಔಷಧ ಕೊಟ್ಟರು. ಹಿಂತಿರುಗುವಾಗ ಲೀಲಮ್ಮ ಆಟೋದಲ್ಲಿ ಸೆರಗಿನಿಂದ ಕಣ್ಣು ಒತ್ತಿಕೊಂಡರು. "ನಾನೇ ಕೈಯಾರೆ ಮಾಡಿದೆನಲ್ಲೇ ಅದಿತಿ."

"ನಿಮಗೆ ಪತಾ ನಹೀ ಥಾ ಅಜ್ಜಿ, ಗೊತ್ತೇ ಇರಲಿಲ್ಲ," ಎಂದು ಹುಡುಗಿ ಅವರ ತೋಳಿಗೆ ಒರಗಿಕೊಂಡಳು.

ಮಾರನೇ ಬೆಳಗ್ಗೆ ಲೀಲಮ್ಮ ತರಕಾರಿ ಮಾರುವ ಕಿಶನ್ ಭಯ್ಯಾನ ತಳ್ಳುಗಾಡಿಯಿಂದ ದಪ್ಪ ಮೆಣಸಿನಕಾಯಿ, ಸೌತೆಕಾಯಿ, ಕೊತ್ತಂಬರಿ ತಂದರು. ಚೆನ್ನಾಗಿ ತೊಳೆದರು. ಮೆಣಸಿನಕಾಯಿಯ ಬೀಜ ತೆಗೆದು ಉದ್ದಕ್ಕೆ ಸೀಳಿದರು, ಸೌತೆಕಾಯಿ ತೆಳ್ಳಗೆ ಹೆಚ್ಚಿದರು, ಕೊತ್ತಂಬರಿ ಮುರಿದು ಹಾಕಿದರು. ಕ್ಯಾರೆಟ್ ಸಿಹಿ, ಅಪರೂಪಕ್ಕೆ ಒಂದು ಚೂರು ಸಾಕು ಎಂದು ವೈಜಯಂತಿ ಹೇಳಿದ್ದಳು, ಒಂದೇ ಚೂರು ಇಟ್ಟರು. ಬಟ್ಟಲು ನೋಡಿದರೆ ಥೇಟ್ ಕೋಸಂಬರಿ! ನಲವತ್ತು ವರ್ಷ ಅಡುಗೆ ಮಾಡಿದ ಕೈ ಸುಮ್ಮನಿರುತ್ತದೆಯೇ? ಸೌಟಿನಲ್ಲಿ ಎಣ್ಣೆ ಕಾಯಿತು, ಸಾಸಿವೆ ಸಿಡಿಯಿತು.

"ಅಜ್ಜಿ, ರುಕೋ! ಒಗ್ಗರಣೆ ಬೇಡ!" ಅದಿತಿ ಓಡಿ ಬಂದು ಬಟ್ಟಲು ಎಳೆದುಕೊಂಡಳು.

"ಅಯ್ಯೋ, ನನ್ನ ಬುದ್ಧಿಗಿಷ್ಟು!" ಲೀಲಮ್ಮ ತಲೆ ಚಚ್ಚಿಕೊಂಡರು. ಆಮೇಲೆ ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಒಗ್ಗರಣೆ ಮಧ್ಯಾಹ್ನದ ಸಾರಿಗೆ ಹೋಯಿತು.

ಆ ದಿನ ಟಿಂಡಾ ಒಂದೇ ಒಂದು ಕೊತ್ತಂಬರಿ ಎಲೆ ತಿಂದಿತು. ಉಳಿದದ್ದನ್ನು ಡಾಕ್ಟರು ಹೇಳಿದಂತೆ ಕೈಯಿಂದಲೇ ತಿನ್ನಿಸಿದರು. ಮರುದಿನ ಎರಡು ಎಲೆ, ಒಂದು ಸೀಳು ಮೆಣಸಿನಕಾಯಿ. ಹತ್ತನೇ ದಿನ ಲೀಲಮ್ಮ ಚಾಕು ಕೈಗೆತ್ತಿಕೊಂಡರೋ ಇಲ್ಲವೋ, ಗೂಡಿನಿಂದ "ವೀಕ್! ವೀಕ್!" ಎಂಬ ಕೂಗು. ನಾಲ್ಕೂ ಕಾಲು ಊರಿ ನಿಂತಿತ್ತು ಟಿಂಡಾ.

"ಅಜ್ಜೀ, ಅವನು ನಿಮ್ಮನ್ನೇ ಕರೀತಿದಾನೆ!" ಪೂರ್ತಿ ಕನ್ನಡದಲ್ಲೇ ಕಿರುಚಿದಳು ಅದಿತಿ. ಲೀಲಮ್ಮನವರಿಗೆ ಯಾವ ಕೂಗಿಗೆ ಓಡುವುದೋ ತಿಳಿಯಲಿಲ್ಲ.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಗಿನಿ ಪಿಗ್ ಇದೆಯೇ? ಒಣಹುಲ್ಲು, ಶುದ್ಧ ನೀರು ಸದಾ ಇರಲಿ. ದಿನಕ್ಕೊಂದು ಬಟ್ಟಲು ತೊಳೆದ ಹಸಿ ಸೊಪ್ಪು ತರಕಾರಿ ಕೊಡಿ. ಹೊಸದನ್ನು ಒಂದೊಂದಾಗಿ, ಸ್ವಲ್ಪ ಸ್ವಲ್ಪವೇ ರೂಢಿ ಮಾಡಿಸಿ. ಮಿಕ್ಕಿದ್ದು ಬಾಡುವ ಮೊದಲೇ ತೆಗೆದುಬಿಡಿ, ದಿಲ್ಲಿಯ ಸೆಕೆ ನಿಮಗೆ ಗೊತ್ತೇ ಇದೆ. ಈರುಳ್ಳಿ, ಬೆಳ್ಳುಳ್ಳಿ, ಆಲೂಗಡ್ಡೆ ಹತ್ತಿರ ತರಬೇಡಿ. ಮೊಲ ಸಾಕಿದವರೂ ಅನ್ನ, ಚಪಾತಿ, ಮೊಸರು ಹಾಕಬೇಡಿ. ಗಿನಿ ಪಿಗ್ ಆಗಲಿ, ಮೊಲವಾಗಲಿ ಊಟ ಬಿಟ್ಟರೆ ಮನೆಮದ್ದು ಹುಡುಕುತ್ತ ಕೂರದೆ ಡಾಕ್ಟರ ಬಳಿ ಓಡಿ. ಪಾಪದ ಪ್ರಾಣಿ, ಏನು ಕೊಟ್ಟರೂ ನಿಮ್ಮನ್ನು ನಂಬಿ ತಿನ್ನುತ್ತದೆ. ಇವತ್ತು ಅದರ ಬಟ್ಟಲಲ್ಲಿ ಏನಿದೆ? ಈಗಲೇ ಎದ್ದು ನೋಡಿ ಬನ್ನಿ.