ಲಂಕಾದ ಸಿಸ್ಟರ್

“ಸಹಿ ಮಾಡ್ರಿ ಬಾಯೀರ,” ಎಂದು ಗುಮಾಸ್ತ ಕುತುಬೋದ್ದೀನ ಮೂರನೆಯ ಸಲ ಹೇಳಿದ.

ಪೆನ್ನು ಕಾಗದಕ್ಕೆ ತಾಗಿ ನಿಂತಿತ್ತು. ಔರಾದ ತಹಸೀಲ ಕಚೇರಿ. ಜಿಲ್ಲಾ ಪರಿಷತ್ತಿನ ಮಹಿಳಾ ಮೀಸಲು ಸ್ಥಾನಕ್ಕೆ ನಾಮಪತ್ರ. ಕೊನೆಯ ಸಾಲು ಚಿಕ್ಕದು: ನಾನು ಭಾರತದ ಪ್ರಜೆಯೆಂದು ಪ್ರಮಾಣ ಮಾಡುತ್ತೇನೆ.

ಕೌಸಲ್ಯಾಬಾಯಿ ಆ ಸಾಲನ್ನು ಮತ್ತೆ ಓದಿದಳು. ಅವಳು ಸಿಲೋನಿನಲ್ಲಿ ಹುಟ್ಟಿದ ನವೊಮಿ. ನರ್ಸಿಂಗ್ ಕಲಿಯಲು ಈ ದೇಶಕ್ಕೆ ಬಂದು, ಬೀದರಿನ ಮಿಷನ್ ಆಸ್ಪತ್ರೆಯಲ್ಲಿ ಆರು ವರ್ಷ ಹೆರಿಗೆ ವಾರ್ಡು ನೋಡಿಕೊಂಡವಳು. ಗಂಡ ಏಕನಾಥ, ಭಾಲ್ಕಿ ಮತ್ತು ಔರಾದ ಎರಡೂ ಕಡೆ ಹೆಸರಿದ್ದ ಮುಖಂಡ. ಹೈದರಾಬಾದಿನಲ್ಲಿ ಸದ್ದಿಲ್ಲದೆ ನಡೆದ ಮದುವೆಯಲ್ಲಿ, ತಟ್ಟೆಯ ಅಕ್ಕಿಯ ಮೇಲೆ ಉಂಗುರದಿಂದ ಅವಳಿಗೆ ಕೌಸಲ್ಯಾ ಎಂಬ ಹೊಸ ಹೆಸರು ಬರೆದಿದ್ದ. ಹದಿನಾಲ್ಕು ವರ್ಷವಾಯಿತು.

ಪೌರತ್ವಕ್ಕೆ ಅರ್ಜಿ ಹಾಕಿದ್ದರೆ ಎಂದೋ ಸಿಗುತ್ತಿತ್ತು. ‘ನನ್ನ ಹೆಂಡತಿ ಪರದೇಶದವಳು’ ಎಂದು ಕೈಯಾರೆ ಬರೆದುಕೊಟ್ಟ ಕಾಗದ ವಿರೋಧಿಗಳಿಗೆ ಸಿಕ್ಕೀತೆಂದು ಏಕನಾಥ ಹಾಕಲಿಲ್ಲ. ಬದಲಿಗೆ ಮತದಾರರ ಪಟ್ಟಿಗೆ ಅವಳ ಹೆಸರು ಸೇರಿಸಿದ. ಪಾಸ್‌ಪೋರ್ಟಿನ ಅವಧಿ ಮುಗಿದು ಬಹಳ ದಿನವಾಗಿತ್ತು. ತಾಯಿ ಸತ್ತ ಸುದ್ದಿ ಬಂದಾಗಲೂ ಅವಳು ಹೋಗಲಿಲ್ಲ. ಹೋದರೆ ಮರಳಿ ಬಿಡುತ್ತಾರೆಂಬ ನಂಬಿಕೆ ಇರಲಿಲ್ಲ.

ಸುಳ್ಳು ಗೊತ್ತಾದರೆ ಜೈಲು, ಇಲ್ಲವೆ ಸಿಲೋನಿಗೆ ಮರಳಿಸುವ ಹಡಗು. ಆ ದಡದಲ್ಲಿ ಈಗ ಅವಳವರು ಯಾರೂ ಇಲ್ಲ.

“ಹುಟ್ಟಿದೂರು?”

“ಕಮಲನಗರ ಅಂತ ಬರಕೋರಿ,” ಎಂದ ಏಕನಾಥ.

“ಬಾಯೀರ ಮಾತು ತುಸು ಬ್ಯಾರೆ ಕೇಳ್ತದಲ್ರಿ, ಸಾಹೇಬ್ರ?”

“ಕಮಲನಗರದ ಮಾತೇ ಹಂಗ, ಅರ್ಧಾ ಮರಾಠಿ. ನಿಮ್ಮ ಉರ್ದೂಕ್ಕ ನಾವೇನರೆ ಅಂದೇವೇನು?”

ಇಬ್ಬರೂ ನಕ್ಕರು. ಅವಳು ದೇವರನ್ನು ಬೇಡಲು ನೋಡಿದಳು. ಯಾರಾಗಿ ನಿಂತು ಬೇಡಬೇಕೆಂದು ತಿಳಿಯಲಿಲ್ಲ. ಸಹಿ ಮಾಡಿದಳು.

ಜೀಪನ್ನು ಏಕನಾಥನೇ ನಡೆಸುತ್ತಿದ್ದ.

“ನಾಳೆ ಪರಿಶೀಲನಾದಾಗ ಯಾರರೆ ತಕರಾರು ತಗದ್ರ?”

“ಯಾರು ತಗೀತಾರ? ನೀ ಯಾರಂತ ಬಲ್ಲವರು ಇರಬೇಕಲ್ಲ.”

ಅವನು ಅದನ್ನು ಸಮಾಧಾನದ ಮಾತೆಂದೇ ಹೇಳಿದ್ದ.

ಪ್ರಚಾರಕ್ಕೆ ಹೋದ ಚಿಂತಾಕಿ ಹಳ್ಳಿಯಲ್ಲಿ ಅರ್ಧ ಮನೆಗಳಿಗೆ ಬೀಗ. ಎರಡನೆಯ ವರ್ಷವೂ ಮಳೆ ಬಾರದೆ ಜನ ಹೈದರಾಬಾದಿಗೆ, ಪುಣೆಗೆ ಹೋಗಿದ್ದರು. ಅಂಥ ಒಂದು ಮನೆಯ ಗೋಡೆಗೆ ಸುಣ್ಣ ಬಳಿದು ಪೇಂಟರ್ ಹುಸೇನ ಅವಳ ಚಿತ್ರ ಬರೆಯುತ್ತಿದ್ದ. ಹಸಿರು ಸೆರಗು, ಅದರ ನಡುವೆ ಕುಂಕುಮದ ಬೊಟ್ಟು. ಉಳಿದದ್ದು ಬರೀ ಸುಣ್ಣ.

“ಫೋಟೋ ಬಂದಿಲ್ರಿ. ಮುಖಾ ಹ್ಯಾಂಗ ಬರೀಲಿ?”

ಏಕನಾಥ ಉತ್ತರಿಸುವ ಮೊದಲೇ ಖಾಲಿ ಕೊಡ ಹಿಡಿದ ಮುದುಕಿಯೊಬ್ಬಳು ಜೀಪಿನ ಬಳಿ ಬಂದಳು. ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದಳು.

“ನೀವು ಲಂಕಾದ ಸಿಸ್ಟರ್ ಅಲ್ಲೇನ್ರಿ? ನಾ ಗಂಗುಬಾಯಿರಿ. ಬೀದರ ದವಾಖಾನ್ಯಾಗ ನನ್ನ ಮಗಳು ಉಳಿಯಂಗಿಲ್ಲ ಅಂದಿದ್ರು. ಮೂರು ದಿನ ಆಕಿ ಕೈ ಹಿಡಕೊಂಡು ಕುಂತಿದ್ರಿ ನೀವು.”

ಹುಸೇನನ ಕುಂಚ ನಿಂತಿತು.

ಅವಳಿಗೆ ಎಲ್ಲ ನೆನಪಾಯಿತು. ಹುಡುಗಿಯ ಹೆಸರು ಶಾಲು. ಬಿಡದೆ ಹಿಡಿದ ಆ ಬೆರಳುಗಳು ಕೂಡ. ಏಕನಾಥ ಕೆಮ್ಮಿದ.

“ನಾ ಅಲ್ರಿ ಆಯಿ,” ಎಂದಳು. “ಆ ಸಿಸ್ಟರ್ ಯಾವಾಗೋ ತಮ್ಮ ದೇಶಕ್ಕ ಹೋದ್ರಂತ.”

ಮಾತು ಎಲ್ಲಿಯೂ ತೊಡರಲಿಲ್ಲ. ಚಿಂತಾಕಿಯಲ್ಲೇ ಹುಟ್ಟಿದವಳ ಮಾತಿನಂತೆ ಬಂತು.

“ಹೋದಳಾ?” ಗಂಗುಬಾಯಿ ಕಣ್ಣೊರೆಸಿಕೊಂಡಳು. “ಚೊಲೋ ಆತು ಬಿಡ್ರಿ. ಮಂದಿ ಊರಾಗ ಎಷ್ಟಂತ ಇರ್ತಾಳ.”

ಹುಸೇನ ಕುಂಚವನ್ನು ಬಣ್ಣಕ್ಕೆ ಅದ್ದಿದ. “ಬಾಯೀರು ಇಲ್ಲೇ ಅದಾರಲ್ರಿ, ನೋಡೇ ಬರೀತೇನಿ. ಸೆರಗು ಒಂಚೂರು ಹಿಂದ ಸರಸ್ರಿ.”

“ಬ್ಯಾಡ,” ಎಂದ ಏಕನಾಥ. “ಹಂಗೇ ಇರಲಿ. ಕೆಳಗ ನನ್ನ ಹೆಸರು ದೊಡ್ಡದು ಮಾಡಿ ಬರಿ.”

“ಈ ಬಾಯಿಗೇನಪಾ ಓಟು ಹಾಕೋದು?” ಎಂದು ಗಂಗುಬಾಯಿ ಗೋಡೆ ತೋರಿಸಿ ಕೇಳಿದಳು.

“ಹೂಂ. ಇವರಿಗೇ,” ಎಂದ ಹುಸೇನ.

ಮುದುಕಿ ಕೊಡವನ್ನು ಗೋಡೆಯ ಬುಡದಲ್ಲಿಟ್ಟಳು. ಬಿಳಿ ಸುಣ್ಣದ ನಡುವಿನ ಆ ಕೆಂಪು ಬೊಟ್ಟಿಗೆ ಎರಡೂ ಕೈ ಮುಗಿದಳು.

“ತಾಯಿ, ಎಂಟು ದಿನಾ ಆತು. ಟ್ಯಾಂಕರ್ ಕಳಸ್ರಿ.”

ಕೌಸಲ್ಯಾಬಾಯಿ ಜೀಪಿನಿಂದಿಳಿದು ಅವಳ ಪಕ್ಕದಲ್ಲಿ ನಿಂತಳು. ಗಂಗುಬಾಯಿ ತಿರುಗಿ ನೋಡಲಿಲ್ಲ. ಕೈ ಮುಗಿದೇ ಇತ್ತು. ಗೋಡೆ ಏನಾದರೂ ಹೇಳೀತೆಂದು ಕಾಯುತ್ತಿದ್ದಳು.