ಗೌರವ್ವನ ಕೈಯ ಖಾರ

ಬೆಳಿಗ್ಗೆ ಆರು ಗಂಟೆ ಹತ್ತು ನಿಮಿಷಕ್ಕೆ ಗೌರವ್ವ ತೀರಿಕೊಂಡಳು. ಸೊಸೆ ಬಾಳಕ್ಕ ಆಗ ಹಿತ್ತಲಲ್ಲಿ, ಹೆಚ್ಚಿ ಒಣಹಾಕಿದ್ದ ಉಳ್ಳಾಗಡ್ಡಿಯನ್ನು ಬಾಜಗಳ ಮೇಲೆ, ಧೋತರ ಹಾಸಿದ ಹಗ್ಗದ ಮಂಚಗಳ ಮೇಲೆ, ಹರವುತ್ತಿದ್ದಳು. ಗಂಡ ಬಸಗೊಂಡ ಒಳಗಿನಿಂದ ಕರೆದಾಗ ನಾಲ್ಕನೇ ಬಾಜದ ಬಳಿ ಇದ್ದಳು. ಇನ್ನೂ ನಾಲ್ಕು ಉಳಿದಿದ್ದವು.

1963ರ ಏಪ್ರಿಲ್. ಗಡಹಿಂಗ್ಲಜದಲ್ಲಿ ವರ್ಷದ ಮಸಾಲೆ ಖಾರ ಮಾಡಿಟ್ಟುಕೊಳ್ಳುವ ತಿಂಗಳು. ಎಂಟು ಬಾಜಗಳಲ್ಲಿ ಒಂದು ಮಾತ್ರ ಅವರದು. ಉಳಿದ ಏಳು ಓಣಿಯ ಏಳು ಮನೆಗಳವು. ಉಳ್ಳಾಗಡ್ಡಿ, ಬಳ್ಳೊಳ್ಳಿ, ಕೊಬ್ಬರಿ, ಸಂಕೇಶ್ವರದ ಮೆಣಸಿನಕಾಯಿ ಎಲ್ಲವನ್ನೂ ಅವರೇ ತಂದುಕೊಡುತ್ತಿದ್ದರು. ಗೌರವ್ವ ಹುರಿಯುತ್ತಿದ್ದಳು, ಬಾಳಕ್ಕ ಕುಟ್ಟುತ್ತಿದ್ದಳು. ಅದಕ್ಕೆ ಕೂಲಿಯಾಗಿ ಬಂದ ಜೋಳ ಮಳೆಗಾಲ ಕಳೆಯುವವರೆಗೆ ಮನೆಯ ಊಟಕ್ಕಾಗುತ್ತಿತ್ತು. ಬಸಗೊಂಡ ಇಚಲಕರಂಜಿಯ ಮಗ್ಗದ ಕಾರಖಾನೆಯಲ್ಲಿದ್ದ. ತಾಯಿಗೆ ಜ್ವರವೆಂದು ಮೂರು ದಿನಗಳ ಹಿಂದೆ ಬಂದಿದ್ದ.

ಒಂಬತ್ತರ ಹೊತ್ತಿಗೆ ಹೆಣಕ್ಕೆ ಸ್ನಾನ ಮಾಡಿಸಿ, ವಿಭೂತಿ ಹಚ್ಚಿ, ಪಡಸಾಲೆಯ ಗೋಡೆಗೆ ಒರಗಿಸಿ ಕೂಡಿಸಿದರು. ತಲೆ ವಾಲದಂತೆ ಹಣೆಗೆ ಬಟ್ಟೆ ಸುತ್ತಿ ಗೂಟಕ್ಕೆ ಕಟ್ಟಿದರು. ಎಡ ಅಂಗೈಯಲ್ಲಿ ಲಿಂಗವಿತ್ತು. ಮುಖ ಅಡುಗೆಮನೆಯ ಬಾಗಿಲಿಗೆ ಎದುರಾಗಿತ್ತು. ಊದಿನಕಡ್ಡಿ ಹಚ್ಚಿದರೂ ಹಿತ್ತಲಿನ ಉಳ್ಳಾಗಡ್ಡಿಯ ವಾಸನೆ ಅದನ್ನು ಮೀರಿ ಒಳಗೆ ಬರುತ್ತಿತ್ತು.

ಹಿರಿಯರು ಬಂದಾಗಲೆಲ್ಲ ಬಾಳಕ್ಕ ಸೆರಗನ್ನು ತಲೆಯ ಮೇಲೆ ಎಳೆದುಕೊಳ್ಳಬೇಕಿತ್ತು. ಎಳೆದುಕೊಂಡಾಗಲೆಲ್ಲ ಅವಳ ಕಣ್ಣು ಅತ್ತೆಯ ಬಲಗೈಯ ಕಡೆಗೆ ಹೋಗುತ್ತಿತ್ತು. ಆ ಕೈ ಈಗ ಏಳುತ್ತದೆ ಎಂದು ಕಾಯುತ್ತಿದ್ದಳು.

"ಹಾತಾಚಿ ಚವ ಗೇಲಿ," ಎಂದಳು ಎದುರು ಮನೆಯ ಶೆವಂತಾ ಮರಾಠಿಯಲ್ಲಿ. ನಂತರ ಕನ್ನಡಕ್ಕೆ ಹೊರಳಿದಳು. "ಕೈರುಚಿ ಹೋತು ನೋಡ್ರಿ. ಇನ್ನ ಇಂಥಾ ಖಾರ ಯಾರ ಮಾಡ್ಯಾರು?"

"ಸೊಸಿ ಅದಾಳಲ್ಲ," ಎಂದಳು ಪಕ್ಕದ ಮನೆಯ ಮುದುಕಿ ಧೊಂಡುಬಾಯಿ.

"ಸೊಸಿ ಕುಟ್ಟತಿದ್ಲು," ಎಂದಳು ಶೆವಂತಾ. "ಹುರಿಯೂದು ಗೌರಕ್ಕ. ಒನಕಿ ಎತ್ತೂದ ಬ್ಯಾರೆ, ಹದಾ ಹಿಡಿಯೂದ ಬ್ಯಾರೆ. ನನ್ನ ಸೊಸಿನೂ ಒನಕಿ ಎತ್ತತಾಳ. ಅಕಿ ಮಾಡಿದ ಸಾರ ನಮ್ಮ ಎಮ್ಮಿನೂ ಮೂಸೂದಿಲ್ಲ."

ಯಾರೋ ನಕ್ಕರು. ಹೆಣದ ಕಡೆ ನೋಡಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

ಪೇಟೆಯಲ್ಲಿ ಕಿರಾಣಿ ಅಂಗಡಿ ಇಟ್ಟಿದ್ದ ಜಿನಪಾಲ ಬಾಗಿಲ ಬಳಿ ಕೂತಿದ್ದರು. "ಹಂಗ ಅನಬ್ಯಾಡ್ರಿ ಬಾಯಿ. ಐದಾರು ವರ್ಷಾತು, ನಮ್ಮ ಅಂಗಡಿಗೆ ಲವಂಗ, ಕಲ್ಲುಹೂವು ಆರಿಸಾಕ ಇಕೀನ ಬರತಾಳ. ಗೌರವ್ವ ಜೋಡಿ ಬಂದ್ರೂ ಮೂಸಾಕ ಇಕೀ ಕೈಯಾಗ ಕೊಡತಿದ್ಲು. ಹ್ವಾದ ವರ್ಷದ ಮಾಲ ಇದ್ರ ಇಕಿ ಹೊಳ್ಳಿ ಚೀಲದಾಗ ಹಾಕತಾಳ."

"ಜಿನಪಾಲಣ್ಣಾ, ನೀವು ಜೈನ ಮಂದಿ. ಹುಟ್ಟಿದಾಗಿಂದ ಉಳ್ಳಾಗಡ್ಡಿ ಬಾಯಾಗ ಇಟ್ಟಿಲ್ಲ. ಖಾರದ ಸಾಕ್ಷಿ ನೀವ ಹೇಳೂದ?"

"ಅದೂ ಖರೇನ," ಎಂದು ಜಿನಪಾಲ ಟೊಪ್ಪಿಗೆ ಸರಿಪಡಿಸಿಕೊಂಡರು.

ಶೆವಂತಾ ಬಾಳಕ್ಕನ ಕಡೆ ತಿರುಗಿದಳು. ಮಾತಿನಲ್ಲಿ ಕೆಟ್ಟತನವಿರಲಿಲ್ಲ. "ನೀನ ಹೇಳಿಬಿಡ, ಬಾಳಕ್ಕ. ಹದಾ ಯಾರದು? ನಿಂದು ಅಂದ್ರ ನಮ್ಮ ಉಳ್ಳಾಗಡ್ಡಿ ಇಲ್ಲೇ ಇರಲಿ. ಅತ್ತೀದು ಅಂದ್ರ ಇವತ್ತ ಒಯ್ತೇವಿ. ಅರ್ಧಾ ಒಣಗೇತಿ, ಹಂಗ ಬಿಟ್ರ ಬೂಸರ ಹಿಡಿತೈತಿ."

ಪಡಸಾಲೆಯಲ್ಲಿದ್ದ ಎಲ್ಲರೂ ಬಾಳಕ್ಕನ ಕಡೆ ನೋಡಿದರು. ಸೆರಗು ಹಿಡಿದಿದ್ದ ಅವಳ ಕೈ ಕಿವಿಯ ಬಳಿಯೇ ನಿಂತಿತು.

*

1957ರ ಮಳೆಗಾಲದಲ್ಲಿ ಊರಿಗೆಲ್ಲ ಫ್ಲೂ ಜ್ವರ ಬಂದಿತ್ತು. ಗೌರವ್ವ ಹನ್ನೆರಡು ದಿನ ಮಲಗಿ ಎದ್ದಳು. ಮರುಬೇಸಿಗೆಯ ಮೊದಲ ದಿನ ಅವಳು ಒಲೆಯ ಮುಂದೆ ಕೂತು ಉಳ್ಳಾಗಡ್ಡಿ ಹುರಿಯುತ್ತಿದ್ದಳು. ಅಡುಗೆಮನೆಗೆ ಇದ್ದದ್ದು ಒಂದೇ ಬೆಳಕಿಂಡಿ. ಅಲ್ಲಿ ಉಳ್ಳಾಗಡ್ಡಿಯ ಬಣ್ಣ ಕಾಣುವುದಿಲ್ಲ, ವಾಸನೆಯಿಂದಲೇ ಹದ ತಿಳಿಯಬೇಕು. ಸಿಹಿ ವಾಸನೆ ಬಂದು, ಅದು ಕಹಿಗೆ ತಿರುಗುವ ಮೊದಲು ಕಡಾಯಿ ಇಳಿಸಬೇಕು.

ಕಹಿ ವಾಸನೆ ಹಿತ್ತಲಿನವರೆಗೆ ಬಂದಾಗ ಬಾಳಕ್ಕ ಒನಕೆ ಬಿಟ್ಟು ಓಡಿದಳು. ಹೊಗೆಯ ನಡುವೆ ಅತ್ತೆ ಶಾಂತವಾಗಿ ಸವಟು ಆಡಿಸುತ್ತಿದ್ದಳು.

"ಇನ್ನೂ ಹಸೀ ಐತಿ," ಎಂದಳು ಗೌರವ್ವ.

ಬಾಳಕ್ಕ ಕಡಾಯಿಯನ್ನು ಬಾಗಿಲ ಬೆಳಕಿಗೆ ತಂದು ತೋರಿಸಿದಳು. ಉಳ್ಳಾಗಡ್ಡಿ ಇದ್ದಿಲಿನಂತೆ ಕಪ್ಪಾಗಿತ್ತು. ಗೌರವ್ವ ಒಂದು ಚೂರು ಬಾಯಿಗೆ ಹಾಕಿ ಅಗಿದಳು. ರುಚಿ ಏನೂ ತಿಳಿಯದೆ ಸೊಸೆಯ ಮುಖ ನೋಡಿದಳು.

"ಜ್ವರ ಬಿಟ್ಟಾಗಿಂದ ಹಿಂಗ, ಬಾಳಾ. ಹೂವಿನ ವಾಸನಿನೂ ಇಲ್ಲ, ಹೇಲಿನ ವಾಸನಿನೂ ಇಲ್ಲ. ಎಲ್ಲಾ ಒಂದ."

ಸುಟ್ಟದ್ದನ್ನು ತಿಪ್ಪೆಯಲ್ಲಿ ಹೂತರು. ಮರುದಿನದಿಂದ ಬಾಳಕ್ಕ ಅಡುಗೆಮನೆಯ ಬಾಗಿಲಲ್ಲಿ ಒರಳು ಇಟ್ಟುಕೊಂಡು ಕುಟ್ಟತೊಡಗಿದಳು. ಹದ ಬಂದಾಗ ಸೆರಗನ್ನು ತಲೆಯ ಮೇಲೆ ಎಳೆದುಕೊಳ್ಳುವಳು. ಅದನ್ನು ನೋಡಿ ಗೌರವ್ವ ಕಡಾಯಿ ಇಳಿಸುವಳು. ಸುತ್ತ ಕೂತ ಹೆಂಗಸರಿಗೆ ಅದು ಸೊಸೆಯ ಮರ್ಯಾದೆಯಾಗಿ ಕಾಣುತ್ತಿತ್ತು.

"ಕೊರಳಾಗಿನ ಲಿಂಗಾ ಹಿಡದ ಹೇಳ," ಎಂದಿದ್ದಳು ಗೌರವ್ವ. "ನಾ ಮಣ್ಣಾಗ ಹೋಗೂತನಕ ಯಾರ ಮುಂದೂ ಬಾಯಿ ಬಿಡೂದಿಲ್ಲಂತ. ಬಸುನ ಮುಂದೂ."

ಬಾಳಕ್ಕ ಲಿಂಗ ಹಿಡಿದು ಹೇಳಿದ್ದಳು.

*

"ಅತ್ತೀದ್ರಿ," ಎಂದಳು ಬಾಳಕ್ಕ.

ಶೆವಂತಾ ತಲೆಯಾಡಿಸಿದಳು. "ಖರೇ ಹೇಳಿದಿ. ಶ್ಯಾಣ್ಯಾಕಿ."

ನಾಲ್ಕು ಗಂಟೆಗೆ ಹೊಲದ ಬದುವಿನಲ್ಲಿ ಮಣ್ಣು ಮಾಡಿದರು. ಅಯ್ಯನವರು ಮಂತ್ರ ಹೇಳಿ ಬಿಲ್ವಪತ್ರಿ ಹಾಕಿದರು. ಗೌರವ್ವನ ತಲೆ ಮುಚ್ಚುವವರೆಗೆ ಬಾಳಕ್ಕ ಗುಣಿಯ ಅಂಚಿನಲ್ಲಿ ನಿಂತು ನೋಡಿದಳು. ಅವಳಿಗೆ ಅಳು ಬರಲಿಲ್ಲ. ಬಸಗೊಂಡ ಕೊನೆಯ ಹಿಡಿ ಮಣ್ಣು ಹಾಕಿದಾಗ ಐದಕ್ಕೆ ಹತ್ತು ನಿಮಿಷವಿತ್ತು. ಆಣೆ ಅಲ್ಲಿಗೆ ಮುಗಿಯಿತು.

ಅವಳು ಎಲ್ಲರಿಗಿಂತ ಮುಂದೆ, ಹೆಚ್ಚುಕಡಿಮೆ ಓಡುತ್ತಲೇ ಮನೆಗೆ ಬಂದಳು. ಹಿತ್ತಲಲ್ಲಿ ಏಳು ಬಾಜಗಳು ಬರಿದಾಗಿದ್ದವು. ಧೋತರಗಳ ನಾಲ್ಕು ತುದಿ ಗಂಟು ಹಾಕಿ ಹೊತ್ತುಕೊಂಡು ಹೋಗಿದ್ದರು. ಧೊಂಡುಬಾಯಿ ಒಬ್ಬಳೇ ಕಟ್ಟೆಯ ಮೇಲೆ ಕೂತಿದ್ದಳು.

"ನಂದೂ ಒಯ್ದಾರ, ಪೋರಿ. ಸೊಸಿ ನನ್ನ ಮಾತ ಕೇಳಲಿಲ್ಲ. ಎಲ್ಲಾರೂ ಕೂಡಿ ಕೊಲ್ಹಾಪುರದ ಗಿರಣಿಗೆ ಕೊಡತಾರಂತ."

ಬಾಳಕ್ಕ ಅವಳ ಎದುರು ಕುಕ್ಕರಗಾಲಲ್ಲಿ ಕೂತು ಎಲ್ಲವನ್ನೂ ಹೇಳಿದಳು. ಜ್ವರ, ಸುಟ್ಟ ಕಡಾಯಿ, ಸೆರಗು.

"ಮುಂಜಾನೆ ಯಾಕ ಹೇಳಲಿಲ್ಲ?"

"ಆಗ ಅತ್ತಿ ಇನ್ನೂ ಮಣ್ಣಿನ ಮ್ಯಾಲ ಕುಂತಿದ್ರು."

"ಮುಂಜಾನೆ ಒಂದ, ಸಂಜೀಕ ಒಂದ ಅಂದ್ರ ಯಾರ ನಂಬ್ತಾರ?" ಎಂದಳು ಧೊಂಡುಬಾಯಿ. "ಹಸೀ ಮಣ್ಣಿನ ಮ್ಯಾಲ ಅತ್ತಿ ಹೆಸರ ಕಸಗೋತಾಳ ಅಂತಾರ. ನಾ ನಂಬ್ತೇನಿ. ನಾ ನಂಬಿದ್ರ ಏನ ಬಂತು?"

ಬಸಗೊಂಡ ಬಾಗಿಲಿಗೆ ಬಂದು ನಿಂತದ್ದನ್ನು ಇಬ್ಬರೂ ಗಮನಿಸಿರಲಿಲ್ಲ.

"ನಾ ವಾರಾವಾರ ಇಚಲಕರಂಜಿಗೆ ಒಯ್ತಿದ್ದ ಖಾರದ ಹದಾನೂ ನಿಂದ ಏನ?" ಎಂದ.

"ಹೌದ್ರಿ," ಎಂದಳು ಬಾಳಕ್ಕ.

ಅವನು ಒಳಗೆ ಹೋಗಿ, ತಾಯಿ ಕೂತಿದ್ದ ಜಾಗದ ಎದುರು ತುಸು ಹೊತ್ತು ನಿಂತಿದ್ದ. ಆ ವಿಷಯ ಮತ್ತೆ ಎತ್ತಲಿಲ್ಲ.

ಐದನೇ ದಿನ ಬಾಳಕ್ಕ ಉಳಿದಿದ್ದ ಒಂದು ಬಾಜದ ಉಳ್ಳಾಗಡ್ಡಿಯನ್ನು ಒಬ್ಬಳೇ ಹುರಿದು, ಒಬ್ಬಳೇ ಕುಟ್ಟಿ, ಭರಣಿಗೆ ತುಂಬಿದಳು. ಆ ಮಳೆಗಾಲದಲ್ಲಿ ಜೋಳ ಸಾಲಲಿಲ್ಲ. ಅವಳು ಎರಡು ತಿಂಗಳು ಕಳೆ ತೆಗೆಯುವ ಕೂಲಿಗೆ ಹೋದಳು.

ಗೌರವ್ವ ಸತ್ತು ವರ್ಷ ತುಂಬಿದಾಗ ಮಾಡಿದ ಊಟಕ್ಕೆ ಓಣಿಯವರೆಲ್ಲ ಬಂದರು. ಬದನೆಕಾಯಿ ಪಲ್ಯಕ್ಕೆ ಬಾಳಕ್ಕ ಆ ಭರಣಿಯ ಖಾರವನ್ನೇ ಹಾಕಿದ್ದಳು. ಮೊದಲ ತುತ್ತಿಗೇ ಶೆವಂತಾಳ ಕೈ ನಿಂತಿತು. ಅವಳು ಪಡಸಾಲೆಯ ಗೋಡೆಯ ಕಡೆ ನೋಡಿದಳು. ಆಮೇಲೆ ಬಡಿಸುತ್ತಿದ್ದ ಬಾಳಕ್ಕನನ್ನು ಹತ್ತಿರ ಕರೆದು, ತಗ್ಗಿದ ದನಿಯಲ್ಲಿ ಕೇಳಿದಳು.

"ಗೌರಕ್ಕ ಮಾಡಿದ ಖಾರ ಇನ್ನೂ ಉಳದೈತೇನ ನಿಮ್ಮ ಮನ್ಯಾಗ?"

ಧೊಂಡುಬಾಯಿ ಎಲೆಯಿಂದ ತಲೆ ಎತ್ತಿದಳು. ಬಸಗೊಂಡ ನೀರಿನ ತಂಬಿಗೆ ಹಿಡಿದು ನಿಂತ.

"ಹೌದ್ರಿ, ಐತಿ," ಎಂದಳು ಬಾಳಕ್ಕ.

ಶೆವಂತಾ ಹೋಗುವಾಗ ಒಂದು ವಾಟಿ ಖಾರ ಕೇಳಿ ಇಸಿದುಕೊಂಡು ಹೋದಳು.