ಕಿತ್ತಳೆ ಬಣ್ಣದ ವರ್ಷ

ಕೈಗೆ ಕೆಲಸವಿಲ್ಲದಿದ್ದರೆ ವರ್ಲೀನ್ ಶಾಸ್ಟಾಂಗ್‌ಗೆ ತಲೆ ಕೆಡುತ್ತದೆ ಎಂಬುದು ಅಲಬಾಮಾದ ಮೊಬೀಲ್ ಊರಿನ ಆ ಬೀದಿಗೆಲ್ಲ ಗೊತ್ತಿದ್ದ ಮಾತು. ಶಾಲೆಯ ಅಡುಗೆಮನೆಯಲ್ಲಿ ನೂರಾರು ಮಕ್ಕಳಿಗೆ ಬೇಯಿಸಿ ಹಾಕಿ ಬಂದವಳು ಕಾಲು ಚಾಚಿ ಕೂರಬೇಕಲ್ಲವೇ? ಇಲ್ಲ, ಮೆಟ್ಟಿಲು ಹತ್ತುವಾಗಲೇ ಪೊರಕೆ ಎತ್ತಿಕೊಳ್ಳುತ್ತಿದ್ದಳು. ಅಂಥವಳಿಗೆ ವಕೀಲ ಆಗಸ್ಟಿನ್ ಡುಬ್ರೋಕಾ ಕಟ್ಟಪ್ಪಣೆ ಮಾಡಿಬಿಟ್ಟಿದ್ದ.

"ಮಿಸ್ ವರ್ಲೀನ್, ಜಗಲಿ ಮುಟ್ಟಬೇಡಿ. ಗುಡಿಸಬೇಡಿ, ತೊಳೀಬೇಡಿ, ಬಣ್ಣ ಅಂತೂ ಬೇಡವೇ ಬೇಡ. ಕೇಸ್ ಮುಗಿಯೋ ತನಕ ಅದು ನಿಮ್ಮ ಜಗಲಿ ಅಲ್ಲ, ಸಾಕ್ಷಿ."

ಸಾಕ್ಷಿಯಂತೆ ಸಾಕ್ಷಿ! ಒಣಗಿದ ಎಲೆ, ಧೂಳು, ಪಕ್ಕದ ಮನೆಯ ಬೆಕ್ಕಿನ ಕೂದಲು ಎಲ್ಲವೂ ಸಾಕ್ಷಿಯೇ ಆದರೆ ಊರಿನ ಕಸದ ಗಾಡಿಯವನನ್ನೇ ಜಡ್ಜ್ ಮಾಡಬಹುದಲ್ಲ ಎಂದು ಅವಳು ಗೊಣಗಿದಳು. ಆದರೂ ಪೊರಕೆಯನ್ನು ಬಾಗಿಲ ಹಿಂದೆ ಇಟ್ಟಳು. ಗೆಲ್ಲಬೇಕಿತ್ತು.

ಆಗಿದ್ದಿಷ್ಟು. ಹೋದ ಬೇಸಿಗೆಯಲ್ಲಿ ತಂಗಿ ಓಡೀಲ್ ಆಲೂಗಡ್ಡೆ ಸಲಾಡಿನ ಬೋಗುಣಿ ಹಿಡಿದು ಜಗಲಿ ಹತ್ತಿದ್ದೇ, ಕಾಲು ನೆಲದ ಹಲಗೆಯೊಳಗೆ ಮೊಣಕಾಲವರೆಗೆ ಇಳಿದುಹೋಯಿತು. ಓಡೀಲ್‌ಗೆ ಏನೂ ಆಗಲಿಲ್ಲ, ಸಲಾಡು ಮಾತ್ರ ಬೀದಿನಾಯಿಯ ಪಾಲಾಯಿತು. ಬಗ್ಗಿ ನೋಡಿದರೆ ಹಲಗೆಯಲ್ಲಿ ಮರವೇ ಇರಲಿಲ್ಲ, ಬರೀ ಬಣ್ಣ ನಿಂತಿತ್ತು. ಗೆದ್ದಲು ಕೆಳಗಿನ ತೊಲೆಯಿಂದ ಹಿಡಿದು ಮಾಡಿನ ಅಂಚಿನವರೆಗೆ ತಿಂದು ಮುಗಿಸಿತ್ತು. ನಗರಸಭೆಯವನು ಬಂದು ಬಾಗಿಲಿಗೆ ನೋಟೀಸು ಅಂಟಿಸಿ ಹೋದ. ಮುಂಭಾಗ ಸರಿಮಾಡಿಸದಿದ್ದರೆ ಕೆಡವುತ್ತಾರೆ. ಮುಂಭಾಗ ಬಿದ್ದರೆ ಹಿಂದಿನದು ಯಾವ ಧೈರ್ಯದ ಮೇಲೆ ನಿಲ್ಲುತ್ತದೆ? ಅವಳ ಗಂಡ ಎರ್ವಿನ್ ಬಂದರಿನಲ್ಲಿ ಮೈ ಮುರಿದು ದುಡಿದು ಕೊಂಡ ಮನೆ ಅದು. ಅವನು ತೀರಿಕೊಂಡ ಮೇಲೂ ಅವಳು ಆ ಬೀದಿ ಬಿಟ್ಟು ಕದಲಿರಲಿಲ್ಲ.

ಇದಕ್ಕೆಂದೇ ಅಲ್ಲಿನವರು ಗೆದ್ದಲು ಬಾಂಡ್ ಅಂತ ಮಾಡಿಸಿಕೊಳ್ಳುತ್ತಾರೆ. ವರ್ಷ ವರ್ಷ ದುಡ್ಡು ಕಟ್ಟಬೇಕು. ಕಂಪನಿಯವನು ವರ್ಷಕ್ಕೊಮ್ಮೆ ಬಂದು, ಇಟ್ಟಿಗೆ ಕಂಬಗಳ ಮೇಲೆ ನಿಂತ ಮರದ ಮನೆಯ ಕೆಳಗೆ ನುಸುಳಿ ನೋಡಬೇಕು, ಔಷಧಿ ಹೊಡೆಯಬೇಕು. ಅಷ್ಟಾದರೂ ಗೆದ್ದಲು ತಿಂದರೆ ಕಂಪನಿಯೇ ರಿಪೇರಿ ಮಾಡಿಕೊಡಬೇಕು. ವರ್ಲೀನ್ ಒಂದು ವರ್ಷವೂ ತಪ್ಪಿಸಿರಲಿಲ್ಲ. ಈಗ ಕಂಪನಿ ಹೇಳುವುದೇ ಬೇರೆ: ಗೆದ್ದಲು ಕಟ್ಟಿದ ಮಣ್ಣಿನ ಗೆರೆಗಳ ಮೇಲೆ ಮನೆಯಾಕೆಯೇ ವರ್ಷ ವರ್ಷ ಬಣ್ಣ ಬಳಿದು ಮುಚ್ಚಿಟ್ಟಿದ್ದಾಳೆ, ಆದ್ದರಿಂದ ಬಾಂಡ್ ರದ್ದು.

ಬಣ್ಣ ಬಳಿದದ್ದಂತೂ ನಿಜ. ಅದೇ ಅವಳನ್ನು ಒಳಗಿಂದ ಕೊರೆಯುತ್ತಿತ್ತು.

ಶಾಸ್ಟಾಂಗರ ಮನೆಯ ಪದ್ಧತಿ ಹಾಗಿತ್ತು. ಜನವರಿಯ ಮೂರು ರಾಜರ ಹಬ್ಬದ ದಿನ ಕೇಕು ಕೊಯ್ಯುತ್ತಾರೆ. ಕೇಕಿನೊಳಗೆ ಒಂದು ಪುಟ್ಟ ಮಗುವಿನ ಗೊಂಬೆ ಹುದುಗಿಸಿರುತ್ತಾರೆ. ಬೇರೆ ಮನೆಗಳಲ್ಲಿ ಗೊಂಬೆ ಯಾರ ತುಂಡಿನಲ್ಲಿ ಬಂತೋ ಅವರು ಮುಂದಿನ ಕೇಕು ತರಬೇಕು. ವರ್ಲೀನಳ ಮನೆಯಲ್ಲಿ ಅವರು ಆ ವರ್ಷದ ಜಗಲಿಯ ಬಣ್ಣ ಹೇಳಬೇಕು. ಮಾರ್ಡಿ ಗ್ರಾ ಹಬ್ಬ ಬರುವುದರೊಳಗೆ ಅವಳು ಕಂಬಗಳಿಗೆ ಆ ಬಣ್ಣ ಬಳಿದು ಮುಗಿಸುತ್ತಿದ್ದಳು. ಮೆರವಣಿಗೆಯ ದಿನ ನಂಟರಿಷ್ಟರೆಲ್ಲ ಆ ಜಗಲಿಯ ಮೇಲೆ ಗುಂಪುಗೂಡಿ, ರಥಗಳಿಂದ ಎಸೆಯುವ ಮಣಿಸರಕ್ಕೂ ಮೂನ್ ಪೈ ಬಿಸ್ಕತ್ತಿಗೂ ಕೈಚಾಚಿ ಕಿರುಚುತ್ತಿದ್ದರು.

ಕಂಪನಿಯ ಕ್ಲೀವನ್ ವರ್ಷದ ತಪಾಸಣೆಗೆ ಬರುತ್ತಿದ್ದದ್ದೂ ಕೇಕಿನ ದಿನವೇ. ಅವಳ ಚರ್ಚಿನ ಗೆಳತಿಯ ಮಗ, ಕಣ್ಣೆದುರು ಬೆಳೆದವನು, ಯಾವ ದಿನ ಬಂದರೆ ಹೊಟ್ಟೆ ತುಂಬುತ್ತದೆಂದು ಅವನಿಗೆ ಹೇಳಿಕೊಡಬೇಕೆ? "ಮೊದಲು ಊಟ, ಆಮೇಲೆ ಕೆಲಸ" ಎಂದು ವರ್ಲೀನ್ ಅವನ ಕೈಯಿಂದ ಟಾರ್ಚು ಕಿತ್ತಿಟ್ಟು ಗಂಬೋ ಬಡಿಸುತ್ತಿದ್ದಳು. ಸೀಗಡಿ, ಏಡಿ, ಸಾಸೇಜು ಹಾಕಿದ ಆ ದಪ್ಪ ಸಾರನ್ನು ಅನ್ನದ ಜೊತೆ ಎರಡು ಬಟ್ಟಲು ಇಳಿಸಿ, ಮೇಲೆ ಕೇಕು ತಿಂದವನು ಮನೆಯ ಕೆಳಗೆ ಹೊಟ್ಟೆಯ ಮೇಲೆ ತೆವಳುತ್ತಾನೆಯೇ? ಮೆಟ್ಟಿಲ ಮೇಲೆ ನಿಂತು ಟಾರ್ಚು ಆಡಿಸಿ, ಎಲ್ಲ ನೋಡಿದೆ ಅಂತ ಸಹಿ ಹಾಕಿ ಹೋಗುತ್ತಿದ್ದ. ಒಂದು ವರ್ಷ ಗೊಂಬೆ ಅವನ ತುಂಡಿನಲ್ಲೇ ಬಂದಿತ್ತು.

ಕಂಬದ ಮೇಲೆ ಮಣ್ಣಿನ ಗೆರೆ ಕಂಡಾಗ ಅವಳು ಅವನನ್ನು ಕೇಳದೆ ಇರಲಿಲ್ಲ. "ಅಯ್ಯೋ, ಕುಂಬಾರ ಹುಳ ಆಂಟಿ. ಕೆರೆದ್ರೆ ಎದ್ದು ಕಚ್ತವೆ. ಮೇಲೇ ಬಣ್ಣ ಬಳ್ದುಬಿಡಿ." ಆ ಊರಿನಲ್ಲಿ ಕುಂಬಾರ ಹುಳು ಗೂಡು ಕಟ್ಟದ ಮಾಡೇ ಇಲ್ಲ. ಮರದ ಮೇಲೆ ಮಣ್ಣು ಕಂಡರೆ ಯಾರೂ ಎರಡನೇ ಸಲ ತಿರುಗಿ ನೋಡುವುದಿಲ್ಲ. ಅವಳು ಬಳಿದಳು. ಈಗ ಅದೇ ಕ್ಲೀವನ್, ತಾನು ಅಂಥ ಮಾತು ಆಡಿಯೇ ಇಲ್ಲ ಎಂದು ಕಂಪನಿಗೆ ಬರೆದುಕೊಟ್ಟಿದ್ದ. ಉಂಡ ಮನೆಗೆ ಎರಡು ಬಗೆದವನು!

ಈ ಸಲವೂ ಕೇಕು ಕೊಯ್ದರು. ಗೊಂಬೆ ಓಡೀಲ್‌ಗೆ ಬಂತು. ಬಾಯಿಯಿಂದ ತೆಗೆದು ಒರೆಸಿಕೊಂಡು ಅವಳು ಅಕ್ಕನ ಮುಖ ನೋಡಿದಳು.

"ಬಣ್ಣ ಹೇಳ್ಲಾ ಬೇಡ್ವಾ?"

"ಹೇಳಿ ಏನ್ ಮಾಡ್ತೀಯ? ವಕೀಲನ ಮುಖಕ್ಕೆ ಬಳೀತೀಯಾ?"

ಹಬ್ಬ ಹತ್ತಿರವಾದಂತೆ ಬೀದಿಯ ಮನೆಗಳೆಲ್ಲ ನೇರಳೆ, ಚಿನ್ನದ ಬಣ್ಣದ ಬಾವುಟ ಏರಿಸಿದವು. ಅವಳ ಜಗಲಿ ಮಾತ್ರ ಸಿಪ್ಪೆ ಎದ್ದು ನಿಂತಿತ್ತು. "ವರ್ಲೀನ್, ಈ ವರ್ಷ ಗೆದ್ದಲಿನ ಬಣ್ಣಾನಾ?" ಎಂದು ಹೋಗುವವರು ಬರುವವರು ಕೂಗಿದರು. ಅವಳು ಒಳಗೆ ಹೋಗಿ ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆದಳು, ಕಪಾಟು ಖಾಲಿ ಮಾಡಿ ತುಂಬಿದಳು. ಕುಳಿತರೆ ಗೋಡೆಯೊಳಗೆ ಟಿಕಟಿಕ ಎನ್ನುವ ಸದ್ದು ಕೇಳಿದಂತಾಗುತ್ತಿತ್ತು. ಎದ್ದು ಕಿವಿಯಿಟ್ಟರೆ ನಿಲ್ಲುತ್ತಿತ್ತು.

ಕೊನೆಗೆ ಒಂದು ಭಾನುವಾರ ಚರ್ಚಿನಿಂದ ಬಂದವಳಿಗೆ ತಡೆಯಲಾಗಲಿಲ್ಲ. ಬೀದಿಗೆ ಎದುರಾಗಿರುವ ಕಂಬದ ಒಂದು ಸಿಪ್ಪೆಯನ್ನಾದರೂ ಸಾಪು ಮಾಡುತ್ತೇನೆ, ಯಾವ ದೇವರು ಕೇಳುತ್ತಾನೆ ಎಂದು, ಚರ್ಚಿಗೆ ಹಾಕಿದ್ದ ಟೋಪಿ ಕೂಡ ತೆಗೆಯದೆ ಕೆರೆಯುವ ಚಾಕು ಹಿಡಿದು ಕೂತಳು. ಒಂದು ಎಳೆದಳು. ಅಂಗೈಯಗಲದ ಚಕ್ಕೆ ಕೈಗೆ ಬಂತು. ಎಸೆಯಲು ಹೋದವಳು ಅದರ ಅಂಚು ನೋಡಿ ಹಾಗೇ ಕೂತಳು.

ಹಸಿರು. ಅದರ ಕೆಳಗೆ ಮಣ್ಣು. ಮಣ್ಣಿನ ಕೆಳಗೆ ಕಿತ್ತಳೆ. ಅದರ ಕೆಳಗೂ ಮಣ್ಣು. ಆಮೇಲೆ ನೇರಳೆ. ಕಾಯಿಹೋಳಿಗೆಯ ಅಂಚಿನಂತೆ ಒಂದರ ಮೇಲೊಂದು ಪದರ, ಪ್ರತಿ ಪದರದ ನಡುವೆ ಗೆದ್ದಲಿನ ಮಣ್ಣಿನ ಗೆರೆ ಸಿಕ್ಕಿಕೊಂಡು ಒಣಗಿತ್ತು.

ವಕೀಲನಿಗೆ ಫೋನ್ ಮಾಡಿದರೆ ಅವನು ಮೊದಲು ಕೂಗಾಡಿದ. "ಮುಟ್ಟಬೇಡಿ ಅಂತ ಎಷ್ಟು ಸಲ ಹೇಳ್ಬೇಕು? ನಿಮ್ಮ ಕೈ ಕಟ್ಟಿ ಹಾಕ್ಬೇಕಿತ್ತು ನಾನು!"

"ಬೈಯೋದನ್ನ ಆಮೇಲೆ ಬೈಯಿ, ಮೊದ್ಲು ಬಂದು ನೋಡು."

ಬಂದ. ಆ ಚಕ್ಕೆಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ತಿರುಗಿಸಿದ. ತನ್ನ ವಕೀಲಿಕೆಗೆ ರಸ್ತೆಬದಿಯಲ್ಲಿ ಹಾಕಿಸಿದ ದೊಡ್ಡ ಜಾಹೀರಾತು ಫಲಕಗಳಲ್ಲಿ ಗೆದ್ದಲಿನ ಕತ್ತು ಹಿಡಿದು ನಗುತ್ತಾ ನಿಂತಿರುವ ಡುಬ್ರೋಕಾ ಅಂದು ನಗಲಿಲ್ಲ.

"ಮಿಸ್ ವರ್ಲೀನ್, ನೀವು ಮುಚ್ಚಿಟ್ಟಿದ್ದೀರಿ ಅಂತಾರಲ್ಲ. ನೀವು ಕಾದಿಟ್ಟಿದ್ದೀರಿ. ಇದು ಒಂದು ವರ್ಷದ ಗೆದ್ದಲಲ್ಲ, ಅವರು ಪ್ರತಿ ವರ್ಷ ಬಂದು ಏನೂ ಇಲ್ಲ ಅಂದ ಗೆದ್ದಲು. ಆದ್ರೆ ಈ ಕಂಬ ಕೊಯ್ದು ತಗೊಂಡು ಹೋಗ್ಬೇಕಾಗತ್ತೆ."

"ಮಾರ್ಡಿ ಗ್ರಾ ಮುಂಚೆಯಾ?"

"ವಿಚಾರಣೆ ಮುಂಚೆ."

ಮರದ ವಿಷಯ ತಿಳಿದ ತಜ್ಞನೊಬ್ಬ ಬಂದು ಕಂಬವನ್ನು ಗರಗಸದಿಂದ ಕೊಯ್ದ. ಮಾಡಿಗೆ ಕಬ್ಬಿಣದ ಜಾಕಿಗಳನ್ನು ಆನಿಸಿದರು. ಎರ್ವಿನ್ ನಿಲ್ಲಿಸಿದ ಕಂಬ. ವರ್ಲೀನ್ ಒಳಗೆ ಹೋಗಿ ಅತ್ತಳು. ಅತ್ತು ಮುಗಿಸಿ ಬಚ್ಚಲು ತೊಳೆದಳು.

ಬಾಂಡಿನ ಕರಾರಿನಂತೆ ಅದು ಕೋರ್ಟಿಗೆ ಹೋಗುವ ಜಗಳವಲ್ಲ. ನಿವೃತ್ತ ಜಡ್ಜೊಬ್ಬರು ಮಧ್ಯಸ್ಥರಾಗಿ ಕೂತು ಎರಡೂ ಕಡೆ ಕೇಳಿ ತೀರ್ಮಾನ ಹೇಳುತ್ತಾರೆ. ಪೇಟೆಯ ಒಂದು ಆಫೀಸಿನ ಉದ್ದನೆಯ ಮೇಜಿನ ಮೇಲೆ ಕಂಬದ ತುಂಡನ್ನು ಮಲಗಿಸಿದ್ದರು. ಕಂಪನಿಯ ಪರ ಬಂದಿದ್ದ ವಕೀಲೆ ಚಿಕ್ಕ ವಯಸ್ಸಿನವಳು, ಮಾತು ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ. ಅವಳ ಪಕ್ಕದಲ್ಲಿ ಸಾಕ್ಷಿ ಹೇಳಲು ಬಂದ ಕ್ಲೀವನ್ ಹೊಸ ಟೈ ಕಟ್ಟಿಕೊಂಡು ಕೂತಿದ್ದ. ವರ್ಲೀನಳ ಕಡೆ ಮುಖ ಮಾಡಲಿಲ್ಲ.

"ಪದರಗಳಿವೆ, ಒಪ್ಪಿದೆ," ಎಂದಳು ವಕೀಲೆ. "ಯಾವ ಪದರ ಯಾವ ವರ್ಷದ್ದು ಅಂತ ಹೇಳೋರು ಯಾರು? ಎಲ್ಲಾ ಒಂದೇ ಚಳಿಗಾಲದಲ್ಲಿ ಬಳಿದಿರಬಹುದು. ಮನೆಯವರನ್ನ ಕೇಳಿದ್ರೆ ಮನೆಗೆ ಬೇಕಾದ್ದನ್ನೇ ಹೇಳ್ತಾರೆ."

ಜಡ್ಜ್ ತಲೆಯಾಡಿಸಿದರು. ಡುಬ್ರೋಕಾ ಕಾಗದ ಹುಡುಕಲು ಶುರುಮಾಡಿದ. ವರ್ಲೀನಳಿಗೆ ಕುರ್ಚಿ ಕಾದ ಹಂಚಾಯಿತು. ಮನೆ ಕೈಬಿಟ್ಟು ಹೋಗುತ್ತಿರುವುದು ಕಣ್ಣಿಗೆ ಕಟ್ಟಿತು. ಎದ್ದುಬಿಟ್ಟಳು. ಡುಬ್ರೋಕಾ ತೋಳು ಹಿಡಿದು ಎಳೆದರೂ ಕೂರಲಿಲ್ಲ.

"ಕ್ಲೀವನ್, ಇಲ್ನೋಡು. ನನ್ನ ಮುಖ ಬೇಡ, ಆ ಕಂಬ ನೋಡು. ಆ ಕಿತ್ತಳೆ ಬಣ್ಣ ಯಾರದ್ದೋ?"

ವಕೀಲೆ ಆಕ್ಷೇಪ ಎಂದಳು. ಜಡ್ಜ್ ಕೈಯೆತ್ತಿ ತಡೆದರು. ಆ ವರ್ಷ ಬೀದಿಯೆಲ್ಲ ಅವಳ ಮನೆಯನ್ನು ಕುಂಬಳಕಾಯಿ ಮನೆ ಎಂದು ಕರೆದು ನಕ್ಕಿದ್ದು, ಕ್ಲೀವನ್ ಅದೇ ಕಂಬಕ್ಕೆ ಒರಗಿ ಎಲ್ಲರಿಗಿಂತ ಜೋರಾಗಿ ನಕ್ಕಿದ್ದು ವರ್ಲೀನಳ ಕಣ್ಣ ಮುಂದೆ ಬಂತು. ಅವನಿಗೂ ಬಂದಿರಬೇಕು. ಟೈ ಸಡಿಲಿಸಿದ.

"ನಂದು ಆಂಟಿ."

"ನಿಮ್ಮದು ಅಂದ್ರೆ?" ಜಡ್ಜ್ ಕೇಳಿದರು.

"ಕೇಕಲ್ಲಿ ಗೊಂಬೆ ನಂಗೆ ಬಂದಿತ್ತು ಸರ್. ಆ ವರ್ಷದ ಬಣ್ಣ ನಾನೇ ಹೇಳಿದ್ದು. ಅದರ ಮುಂದಿನ ವರ್ಷ ಹಸಿರು, ಹಿಂದಿನ ವರ್ಷ ನೇರಳೆ."

"ಕಿತ್ತಳೆ ಬಳಿಯೋ ಮುಂಚೆ ಕೆಳಗಿರೋ ಈ ಮಣ್ಣು ನೋಡಿದ್ರಾ?" ಜಡ್ಜ್ ಮತ್ತೆ ಕೇಳಿದರು.

"ಕ್ಲೀವನ್, ಉತ್ತರ ಕೊಡೋ ಅಗತ್ಯ ಇಲ್ಲ," ಎಂದಳು ವಕೀಲೆ.

ಅವನು ಮರದ ತುಂಡನ್ನೇ ನೋಡುತ್ತಿದ್ದ. "ನೋಡಿದ್ದೆ. ಮೇಲೇ ಬಳೀರಿ ಅಂದೋನೂ ನಾನೇ."

"ಮನೆ ಕೆಳಗೆ ಹೋಗಿ ನೋಡಿದ್ರಾ?"

"ಇಲ್ಲ ಸರ್."

"ಯಾಕೆ?"

"ಹೊಟ್ಟೆ ತುಂಬಿತ್ತು."

ಯಾರೂ ನಗಲಿಲ್ಲ. ಗೆದ್ದೆ ಎಂದು ವರ್ಲೀನಳಿಗೆ ಗೊತ್ತಾಯಿತು, ಆದರೂ ಹಿಗ್ಗಲಿಲ್ಲ. ಮೈಯೆಲ್ಲ ಸಿಟ್ಟು. ಇಷ್ಟು ಸಲೀಸಾಗಿ ಬಾಯಿಂದ ಬರುವ ಮಾತಿಗೆ ಇಷ್ಟು ದಿನ ಅವಳನ್ನು ಸುಡಬೇಕಿತ್ತೇ? ಸಿಟ್ಟಿನ ಅಡಿಯಲ್ಲಿ ನಾಚಿಕೆಯೂ ಇತ್ತು. ಆ ಹೊಟ್ಟೆಯನ್ನು ತುಂಬಿಸಿದ ಕೈ ಯಾವುದು?

ಮಾರ್ಡಿ ಗ್ರಾಕ್ಕೆ ಮುಂಚೆಯೇ ತೀರ್ಮಾನ ಬಂತು. ಕಂಪನಿಯೇ ಮನೆಯ ಮುಂಭಾಗವನ್ನು ಬುಡದಿಂದ ಹೊಸದಾಗಿ ಕಟ್ಟಿಕೊಡಬೇಕು. ಕೆಲಸ ಹಬ್ಬ ಮುಗಿದ ಮೇಲೆ. ಡುಬ್ರೋಕಾ ಫೋನಿನಲ್ಲಿ ಇನ್ನೂ ಏನೇನೋ ಹೇಳುತ್ತಿದ್ದ. "ಇವಾಗ ಗುಡಿಸಬಹುದಾ?" ಎಂದು ಅವಳು ಕೇಳಿದಳು.

ಹಬ್ಬದ ದಿನ ಜಗಲಿ ಕಬ್ಬಿಣದ ಜಾಕಿಗಳ ಮೇಲೆ ನಿಂತಿತ್ತು. ನೆಂಟರೆಲ್ಲ ಅಂಗಳದಲ್ಲಿ ಮಡಿಚುವ ಕುರ್ಚಿ ಹಾಕಿಕೊಂಡು ಕೂತರು. ಬ್ಯಾಂಡಿನ ಸದ್ದು ದೂರದಿಂದ ಬರುತ್ತಿತ್ತು. ವರ್ಲೀನ್ ಒಂದು ಕಡೆ ನಿಲ್ಲದೆ ಮಡಕೆಯಿಂದ ಬಟ್ಟಲಿಗೆ, ಬಟ್ಟಲಿಂದ ಮಡಕೆಗೆ ಓಡಾಡುತ್ತಿದ್ದಳು.

"ಅಕ್ಕಾ, ಬೇಲಿ ಹತ್ರ ನೋಡು," ಎಂದಳು ಓಡೀಲ್. "ಯಾವ ಮುಖ ಇಟ್ಕೊಂಡು ಬಂದ ಅವ್ನು?"

ಕ್ಲೀವನ್ ಬಿಳಿ ಅಂಗಿ, ಇಸ್ತ್ರಿ ಮಾಡಿದ ಪ್ಯಾಂಟು ಹಾಕಿಕೊಂಡು ಗೇಟಿನ ಹೊರಗೆ ನಿಂತಿದ್ದ. ಕೆಲಸದಿಂದ ತೆಗೆದುಹಾಕಿದ್ದಾರೆ ಎಂದು ಚರ್ಚಿನಲ್ಲಿ ಸುದ್ದಿಯಿತ್ತು. ವರ್ಲೀನ್ ಸೌಟು ಹಿಡಿದೇ ಗೇಟಿನವರೆಗೆ ಹೋದಳು.

"ಹಸ್ಕೊಂಡಿದ್ದೀಯಾ?"

"ಹೌದು ಆಂಟಿ."

"ಮೊದ್ಲು ಮನೆ ಕೆಳಗೆ ಹೋಗಿ ನೋಡ್ಕೊಂಡು ಬಾ. ಆಮೇಲೆ ಊಟ."

ಅವನು ತನ್ನ ಅಂಗಿ ನೋಡಿಕೊಂಡ. ಗೇಟು ತೆರೆದು ಒಳಗೆ ಬಂದ. ಓಡೀಲ್ ಟಾರ್ಚು ತಂದು ಕೈಗೆ ತುರುಕಿದಳು. ಮನೆಯ ಪಕ್ಕದ ಇಟ್ಟಿಗೆ ಕಂಬಗಳ ನಡುವೆ ಹೊಟ್ಟೆಯ ಮೇಲೆ ಮಲಗಿ, ಒದ್ದೆ ಮಣ್ಣಿನಲ್ಲಿ ಮೊಣಕೈ ಊರಿ ತೆವಳಿದ. ಬೂಟುಗಳೂ ಕತ್ತಲೆಯೊಳಗೆ ಹೋದವು. ಮೆರವಣಿಗೆ ಮೂಲೆ ತಿರುಗಿತು, ಮೊದಲ ರಥದಿಂದ ಮಣಿಸರಗಳು ಹಾರಿ ಬಂದವು. ಅಂಗಳದಲ್ಲಿ ಒಬ್ಬರೂ ಕೈಚಾಚಲಿಲ್ಲ.

"ಏನ್ ಕಾಣ್ತೋ?" ವರ್ಲೀನ್ ಬಗ್ಗಿ ಕೂಗಿದಳು.

ನೆಲದಡಿಯಿಂದ ಅವನ ದನಿ ಬಂತು.

"ದೊಡ್ಡ ತೊಲೆ ಹೋಗಿದೆ ಆಂಟಿ. ಮಣ್ಣು ಇಲ್ಲೆಲ್ಲಾ ಕಟ್ಟಿದೆ. ಮೊದಲ್ನೇ ವರ್ಷನೇ ಕಾಣ್ತಿತ್ತು. ಒಂದ್ಸಲ ಬಗ್ಗಿದ್ರೆ ಸಾಕಿತ್ತು."

ವರ್ಲೀನ್ ಬಟ್ಟಲಿಗೆ ಅನ್ನ ಹಾಕಿ ಮೇಲೆ ಗಂಬೋ ಸುರಿದಳು, ಏಡಿಯ ದೊಡ್ಡ ತುಂಡನ್ನೇ ಹುಡುಕಿ ಹಾಕಿದಳು. ಅದನ್ನು ಮೆಟ್ಟಿಲ ಮೇಲಿಟ್ಟು ಪಕ್ಕದಲ್ಲಿ ಕೂತಳು. ಅವನು ಹೊರಗೆ ಬರುವತನಕ ಎದ್ದೇಳಲಿಲ್ಲ.